ಹಳೆಯ ಉಪಕರಣ, ಹೊಸ ಗಣಕಯಂತ್ರ: ನೀಲಗಿರಿಯ ಪ್ರಯೋಗಾಲಯಗಳು ಕಲಿಸುವ ಪಾಠ

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದ ಸಂದರ್ಭದಲ್ಲಿ ಸಂಸ್ಥಾಪಕರನ್ನೂ ಗುರುವೃಂದವನ್ನೂ ನೆನೆಯುವುದು ನಮ್ಮ ಸಂಪ್ರದಾಯ. ಆ ನೆನಪುಗಳ ಸಾಲಿನಲ್ಲಿ ವಿಜ್ಞಾನ ಪ್ರಯೋಗಾಲಯದ ಗಾಜಿನ ಬೀರುವಿಗೂ ಒಂದು ಸ್ಥಾನ ಸಲ್ಲಬೇಕು. ಗ್ಯಾಲ್ವನೋಮೀಟರ್, ರೋಧ ಪೆಟ್ಟಿಗೆ, ಪಾದರಸದ ಉಷ್ಣಮಾಪಕ, ಸರಳ ಲೋಲಕದ ಹಿತ್ತಾಳೆಯ ಗುಂಡು, ವರ್ನಿಯರ್ ಕ್ಯಾಲಿಪರ್ಸ್ – ಇವುಗಳನ್ನು ಕೈಯಲ್ಲಿ ಹಿಡಿದಾಗಲೇ ಎಷ್ಟೋ ವಿದ್ಯಾರ್ಥಿಗಳಿಗೆ ‘ಅಳತೆ’ ಎಂಬ ಪದದ ಅರ್ಥ ತಿಳಿದದ್ದು. ಗಣಕಯಂತ್ರಗಳು ಶಾಲೆಗಳಿಗೆ ಬಂದ ಮೇಲೆ ಇಂತಹ ಬೀರುಗಳ ಬಾಗಿಲು ತೆರೆಯುವುದು ಅಪರೂಪವಾಗಿದೆ. ದಾಸ್ತಾನು ಪರಿಶೀಲನೆಯ ವೇಳೆ ‘ನಿರುಪಯುಕ್ತ’ ಎಂದು ಷರಾ ಬರೆದು, ಹಳೆಯ ಉಪಕರಣಗಳನ್ನು ಗುಜರಿಗೆ ಕೊಡುವ ಯೋಚನೆ ಹಲವು ಶಾಲೆಗಳಲ್ಲಿ ಬರುವುದುಂಟು.

ಹಳೆಯ ಉಪಕರಣ ನಿಜವಾಗಿಯೂ ನಿರುಪಯುಕ್ತವೆ? ಅದನ್ನು ಇಂದಿನ ಗಣಕಯಂತ್ರಕ್ಕೆ ಜೋಡಿಸಿ ಮತ್ತೆ ದುಡಿಸಲು ಸಾಧ್ಯವಿಲ್ಲವೆ? ಈ ಪ್ರಶ್ನೆಗಳಿಗೆ ಉತ್ತರವನ್ನು ದೂರದೇಶಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ನೀಲಗಿರಿ ಜಿಲ್ಲೆಯಲ್ಲಿಯೇ, ಉದಕಮಂಡಲದ ಸುತ್ತಮುತ್ತಲಿನ ಎರಡು ಪ್ರಯೋಗಾಲಯಗಳು ಇದಕ್ಕೆ ಸ್ಪಷ್ಟವಾದ ಉತ್ತರ ನೀಡಿವೆ. ಮೊದಲು ಅವುಗಳ ಪರಿಚಯ ಮಾಡಿಕೊಂಡು, ಬಳಿಕ ಈ ಜೋಡಣೆಯ ತತ್ತ್ವವನ್ನೂ ಕ್ರಮವನ್ನೂ ವಿಚಾರಿಸೋಣ.

ಕೋಲಾರದ ಕೊಳವೆಗಳು ಊಟಿಯ ಬೆಟ್ಟದಲ್ಲಿ

ಕೋಲಾರದ ಚಿನ್ನದ ಗಣಿಯು ಚಿನ್ನಕ್ಕೆ ಎಷ್ಟು ಪ್ರಸಿದ್ಧವೋ ಭೌತವಿಜ್ಞಾನಕ್ಕೂ ಅಷ್ಟೇ ಪ್ರಸಿದ್ಧ. ಮೈಸೂರಿನಿಂದ ಊಟಿಗೆ ಬರುವ ದಾರಿಯಲ್ಲಿರುವ ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಆ ಗಣಿಗೆ ಇಳಿದು ವಿಶ್ವಕಿರಣಗಳ ಅಧ್ಯಯನವನ್ನು ಆರಂಭಿಸಿದರು. ಮುಂದೆ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಇದೇ ಗಣಿಯ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ದೊರೆಯಿತು. ಜಗತ್ತಿನ ಮೊತ್ತಮೊದಲ ಅಂತಹ ವೀಕ್ಷಣೆಗಳಲ್ಲಿ ಅದೂ ಒಂದು.

1980ರಲ್ಲಿ ಅಲ್ಲಿ ಮತ್ತೊಂದು ಸಾಹಸ ಆರಂಭವಾಯಿತು. ಪ್ರೋಟಾನ್ ಎಂಬ ಕಣ ಎಂದಾದರೂ ತಾನಾಗಿಯೇ ಸಿಡಿದು ನಾಶವಾಗುತ್ತದೆಯೆ ಎಂಬುದನ್ನು ಪರೀಕ್ಷಿಸಲು, ಸುಮಾರು 2300 ಮೀಟರ್ ಆಳದಲ್ಲಿ ಚೌಕಾಕಾರದ ಉಕ್ಕಿನ ಕೊಳವೆಗಳನ್ನು 34 ಪದರಗಳಲ್ಲಿ ಜೋಡಿಸಿದರು. ಈ ಕೊಳವೆಗಳಿಗೆ ಪ್ರಪೋರ್ಷನಲ್ ಕೌಂಟರ್ ಎಂದು ಹೆಸರು. ಕೊಳವೆಯೊಳಗೆ ಶೇಕಡಾ 90 ಆರ್ಗಾನ್ ಮತ್ತು ಶೇಕಡಾ 10 ಮೀಥೇನ್ ಅನಿಲಗಳ ಮಿಶ್ರಣ. ನಟ್ಟನಡುವೆ ಕೂದಲೆಳೆಯಷ್ಟು ತೆಳುವಾದ ಟಂಗ್‌ಸ್ಟನ್ ತಂತಿ. ಆ ತಂತಿಗೆ ಕೆಲವು ಸಾವಿರ ವೋಲ್ಟ್ ವಿದ್ಯುತ್ತು. ವಿದ್ಯುದಾವೇಶವುಳ್ಳ ಕಣವೊಂದು ಕೊಳವೆಯನ್ನು ಹಾದುಹೋದರೆ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು ತಂತಿಯತ್ತ ಧಾವಿಸುತ್ತವೆ, ತಂತಿಯಲ್ಲಿ ಕ್ಷಣಿಕವಾದ ಒಂದು ವಿದ್ಯುತ್ ಮಿಡಿತ ಉಂಟಾಗುತ್ತದೆ. ಕಣದ ಆಗಮನಕ್ಕೆ ಆ ಮಿಡಿತವೇ ಸಾಕ್ಷಿ.

1992ರ ಹೊತ್ತಿಗೆ ಗಣಿಯ ಆಳದ ಭಾಗಗಳನ್ನು ಮುಚ್ಚುವ ಕಾಲ ಬಂದು ಪ್ರಯೋಗಗಳು ನಿಂತವು. ಸಾವಿರಾರು ಉಕ್ಕಿನ ಕೊಳವೆಗಳು ಕೆಲಸವಿಲ್ಲದೆ ಉಳಿದವು. ಕಬ್ಬಿಣದ ಬೆಲೆಗೆ ತೂಕಕ್ಕೆ ಹಾಕಿದ್ದರೆ ಅವುಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವಿಜ್ಞಾನಿಗಳು ಹಾಗೆ ಮಾಡಲಿಲ್ಲ. ಕೋಲಾರದ ಆ ಕೊಳವೆಗಳನ್ನು ಊಟಿಯ ವಿಶ್ವಕಿರಣ ಪ್ರಯೋಗಾಲಯದಲ್ಲಿ ಮರುಬಳಕೆ ಮಾಡಿದರು. ಭೂಗರ್ಭದಲ್ಲಿ ದುಡಿದ ಉಪಕರಣ ಸಮುದ್ರಮಟ್ಟದಿಂದ 2200 ಮೀಟರ್ ಎತ್ತರದಲ್ಲಿ ಮರುಜನ್ಮ ಪಡೆಯಿತು.

‘ಗ್ರೇಪ್ಸ್-3’ ಎಂದು ಹೆಸರಾದ ಆ ಪ್ರಯೋಗದ ಮ್ಯುವಾನ್ ದೂರದರ್ಶಕದಲ್ಲಿ ಇಂತಹ 3712 ಕೊಳವೆಗಳಿವೆ. ಪ್ರತಿಯೊಂದೂ 6 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಕಾಂಕ್ರೀಟಿನ ದಪ್ಪ ಹೊದಿಕೆಯ ಕೆಳಗೆ ನಾಲ್ಕು ಪದರಗಳಲ್ಲಿ, ಒಂದಕ್ಕೊಂದು ಅಡ್ಡಡ್ಡಲಾಗಿ ಅವುಗಳನ್ನು ಹರಡಿದ್ದಾರೆ. ಯಾವ ಪದರದ ಯಾವ ಕೊಳವೆ ಮಿಡಿಯಿತು ಎಂಬುದನ್ನು ವಿದ್ಯುನ್ಮಂಡಲಗಳು ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಉತ್ತರಗಳಲ್ಲಿ ಗಣಕಯಂತ್ರಕ್ಕೆ ತಿಳಿಸುತ್ತವೆ. ಆ ಉತ್ತರಗಳಿಂದ ಕಣ ಬಂದ ದಿಕ್ಕನ್ನು ಗಣಕಯಂತ್ರ ಲೆಕ್ಕ ಹಾಕುತ್ತದೆ. ಹೀಗೆ ದಿನವೊಂದಕ್ಕೆ ದಾಖಲಾಗುವ ಮ್ಯುವಾನುಗಳ ಸಂಖ್ಯೆ ಸುಮಾರು 400 ಕೋಟಿ!

ಈ ಹಳೆಯ ಕೊಳವೆಗಳು ಕಂಡುಕೊಟ್ಟದ್ದೇನು? 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಹಾದುಹೋದ ಗುಡುಗುಮೋಡವೊಂದರಲ್ಲಿ ಸುಮಾರು 130 ಕೋಟಿ ವೋಲ್ಟುಗಳ ವಿಭವವಿತ್ತೆಂದು ಮ್ಯುವಾನುಗಳ ಸಂಖ್ಯೆಯಲ್ಲಾದ ಇಳಿಕೆಯಿಂದ ಅವರು ನಿರ್ಣಯಿಸಿದರು. ಅಲ್ಲಿಯವರೆಗೆ ಬಲೂನುಗಳ ಮೂಲಕ ಅಳೆದಿದ್ದ ಗರಿಷ್ಠ ಪ್ರಮಾಣಕ್ಕಿಂತ ಅದು ಹತ್ತು ಪಟ್ಟು. ಮೋಡಗಳಲ್ಲಿ ಇಷ್ಟೊಂದು ವಿಭವವಿರಬಹುದೆಂದು ಸಿ. ಟಿ. ಆರ್. ವಿಲ್ಸನ್ ಅವರು ಊಹಿಸಿ ಹಲವು ದಶಕಗಳೇ ಕಳೆದಿದ್ದವು. ಅಳೆದು ತೋರಿಸಿದ ಕೀರ್ತಿ ಊಟಿಗೆ ಸಂದಿತು. 2019ರಲ್ಲಿ ಪ್ರಕಟವಾದ ಈ ಸಂಶೋಧನೆಗೆ 2011ರಿಂದ 2014ರವರೆಗಿನ 184 ಗುಡುಗುಮಳೆಗಳ ದಾಖಲೆಯನ್ನು ಪರಿಶೀಲಿಸಿದ್ದರು. ಆ ದಾಖಲೆ ವರ್ಷಗಟ್ಟಲೆ ಎಡೆಬಿಡದೆ, ಕಾಲನಿರ್ದೇಶದೊಡನೆ ಗಣಕಯಂತ್ರದಲ್ಲಿ ಸಂಗ್ರಹವಾಗಿದ್ದುದರಿಂದಲೇ ಈ ಪರಿಶೀಲನೆ ಸಾಧ್ಯವಾಯಿತು.

ಮುತ್ತೋರೈಯ ಮಹಾದರ್ಪಣ

ಎರಡನೆಯ ಉದಾಹರಣೆ ಊಟಿಯ ಸಮೀಪದ ಮುತ್ತೋರೈಯ ಇಳಿಜಾರಿನಲ್ಲಿದೆ. ಪ್ರೊಫೆಸರ್ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲವಿದೆ. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಆರಿಸಿದ ಬೆಟ್ಟದ ಇಳಿಜಾರೂ ಅಷ್ಟೇ. ಆದ್ದರಿಂದ ದೂರದರ್ಶಕದ ಉದ್ದನೆಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಆ ಒಂದೇ ಅಕ್ಷದ ಸುತ್ತ ಅದನ್ನು ತಿರುಗಿಸಿದರೆ ಸಾಕು, ಆಕಾಶಕಾಯವೊಂದನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಬೆಟ್ಟವನ್ನೇ ಉಪಕರಣದ ಅಂಗವಾಗಿಸಿದ ಈ ಜಾಣ್ಮೆ ಎಂದಿಗೂ ಹಳೆಯದಾಗದು.

ಹಳೆಯದಾದದ್ದು ದರ್ಪಣ ಹಿಡಿದುಕೊಟ್ಟ ಸಂಕೇತವನ್ನು ಸ್ವೀಕರಿಸುವ ವ್ಯವಸ್ಥೆ. ದರ್ಪಣದ ನಾಭಿರೇಖೆಯಲ್ಲಿ 1056 ಪುಟ್ಟ ಆಂಟೆನಾಗಳಿವೆ. ಮೊದಲಿನ ಏರ್ಪಾಡಿನಲ್ಲಿ 48 ಆಂಟೆನಾಗಳ ಸಂಕೇತಗಳನ್ನು ಕೇಬಲುಗಳ ಮೂಲಕವೇ ಕೂಡಿಸಿ, ಒಟ್ಟು 22 ಗುಂಪುಗಳನ್ನಾಗಿ ಮಾಡುತ್ತಿದ್ದರು. ಒಮ್ಮೆ ಕೂಡಿಸಿದ ಸಂಕೇತವನ್ನು ಮತ್ತೆ ಬಿಡಿಸಲು ಬಾರದು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸಹಯೋಗದೊಡನೆ ರೂಪುಗೊಂಡ ಹೊಸ ಸ್ವೀಕಾರಕದಲ್ಲಿ ನಾಲ್ಕು ನಾಲ್ಕು ಆಂಟೆನಾಗಳಂತೆ 264 ಭಾಗಗಳ ಸಂಕೇತವನ್ನು ದರ್ಪಣದ ಬಳಿಯಲ್ಲಿಯೇ ಅಂಕಿಗಳಾಗಿ ಪರಿವರ್ತಿಸಿ, ಗಾಜಿನೆಳೆಗಳ ಮೂಲಕ ಗಣಕಯಂತ್ರಗಳಿಗೆ ಕಳುಹಿಸುತ್ತಾರೆ. ಕೂಡಿಸುವ ಕೆಲಸ ಈಗ ಲೆಕ್ಕದ ಕೆಲಸ. ಅದೇ ಅಂಕಿಗಳಿಂದ ಆಕಾಶದ ಹಲವು ದಿಕ್ಕುಗಳನ್ನು ಏಕಕಾಲಕ್ಕೆ ನೋಡಬಹುದು. 1970ರ ಉಕ್ಕಿನ ತಂತಿಗಳ ದರ್ಪಣಕ್ಕೆ ಹೀಗೆ ಹೊಸ ದೃಷ್ಟಿಶಕ್ತಿ ಬಂದಿತು.

ಉಪಕರಣದ ಮೂರು ಅಂಗಗಳು

ಈ ಎರಡು ಉದಾಹರಣೆಗಳಿಂದ ಒಂದು ತತ್ತ್ವವನ್ನು ಗ್ರಹಿಸಬಹುದು. ಯಾವುದೇ ಅಳತೆಯ ಉಪಕರಣಕ್ಕೆ ಮೂರು ಅಂಗಗಳಿರುತ್ತವೆ. ಮೊದಲನೆಯದು ಗ್ರಹಿಸುವ ಅಂಗ: ಉಷ್ಣ, ಬೆಳಕು, ಒತ್ತಡ ಅಥವಾ ಕಣವೊಂದರ ಆಗಮನವನ್ನು ಅದು ಅರಿಯುತ್ತದೆ. ಎರಡನೆಯದು ಪರಿವರ್ತಿಸುವ ಅಂಗ: ಅರಿತದ್ದನ್ನು ವಿದ್ಯುತ್ತಾಗಿಯೋ ಚಲನೆಯಾಗಿಯೋ ಮಾರ್ಪಡಿಸುತ್ತದೆ. ಮೂರನೆಯದು ಹೇಳುವ ಅಂಗ: ಮುಳ್ಳು, ಅಳತೆಪಟ್ಟಿ, ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಲೇಖನಿ ಮುಂತಾದವು. ಸಾಮಾನ್ಯವಾಗಿ ಹಳೆಯದಾಗುವುದು ಈ ಮೂರನೆಯ ಅಂಗ ಮಾತ್ರ.

1967ರಲ್ಲಿ ಕೇಂಬ್ರಿಡ್ಜಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಅವರು ಲೇಖನಿಯಂತ್ರ ದಿನವೊಂದಕ್ಕೆ ಬರೆಯುತ್ತಿದ್ದ ಸುಮಾರು 30 ಮೀಟರ್ ಕಾಗದವನ್ನು ಕಣ್ಣಿನಿಂದಲೇ ಪರಿಶೀಲಿಸಿ, ಅದರಲ್ಲಿ ಕಂಡ ಒಂದು ಚಿಕ್ಕ ಗುರುತಿನಿಂದ ಪಲ್ಸಾರ್ ಎಂಬ ನಕ್ಷತ್ರಗಳನ್ನು ಪತ್ತೆಹಚ್ಚಿದರು. ಹೇಳುವ ಅಂಗ ಎಷ್ಟು ಸರಳವಾಗಿದ್ದರೂ ಗ್ರಹಿಸುವ ಅಂಗ ಉತ್ತಮವಾಗಿದ್ದು, ನೋಡುವವರಲ್ಲಿ ತಾಳ್ಮೆಯಿದ್ದರೆ ಮಹತ್ತರವಾದ ಫಲ ದೊರೆಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಗಣಕಯಂತ್ರಕ್ಕೆ ಜೋಡಿಸುವುದೆಂದರೆ ಹಳೆಯ ಉಪಕರಣದ ಮೂರನೆಯ ಅಂಗವನ್ನು ಬದಲಿಸುವುದು. ಮೊದಲ ಎರಡನ್ನು ಜೋಪಾನವಾಗಿ ಉಳಿಸಿಕೊಳ್ಳುವುದು.

ವಿದ್ಯುತ್ತನ್ನು ಅಂಕಿಯಾಗಿಸುವ ಬಗೆ

ಹಳೆಯ ಉಪಕರಣದಿಂದ ಹೊರಡುವ ವಿದ್ಯುತ್ ಸಂಕೇತ ನದಿಯ ಪ್ರವಾಹದಂತೆ ಅಖಂಡವಾದದ್ದು. ಗಣಕಯಂತ್ರಕ್ಕಾದರೋ ಬಿಡಿಬಿಡಿಯಾದ ಅಂಕಿಗಳು ಬೇಕು. ನಡುವೆ ನಿಂತು ಅನುವಾದ ಮಾಡುವ ಬಿಲ್ಲೆಗೆ ಅಂಕೀಯ ಪರಿವರ್ತಕ ಎನ್ನಬಹುದು. ಇಂದು ಕಡಿಮೆ ಬೆಲೆಗೆ ದೊರೆಯುವ ‘ಆರ್ಡುಯಿನೋ ಊನೋ’ ಎಂಬ ಫಲಕದಲ್ಲಿರುವ ಪರಿವರ್ತಕ 0ಯಿಂದ 5 ವೋಲ್ಟಿನವರೆಗಿನ ಸಂಕೇತವನ್ನು 1024 ಮೆಟ್ಟಿಲುಗಳಾಗಿ ವಿಭಾಗಿಸುತ್ತದೆ. ಅಂದರೆ ಒಂದು ಮೆಟ್ಟಿಲಿಗೆ ಸುಮಾರು 4.9 ಮಿಲಿವೋಲ್ಟ್.

ಇಲ್ಲಿ ಒಂದು ಲೆಕ್ಕ ಮಾಡೋಣ. ತಾಮ್ರ ಮತ್ತು ಕಾನ್‌ಸ್ಟಂಟನ್ ತಂತಿಗಳನ್ನು ಬೆಸೆದ ಉಷ್ಣಯುಗ್ಮ 100 ಡಿಗ್ರಿ ಸೆಲ್ಸಿಯಸ್ ಅಂತರಕ್ಕೆ ಕೊಡುವ ವಿದ್ಯುತ್ತು ಸುಮಾರು 4.3 ಮಿಲಿವೋಲ್ಟ್ ಮಾತ್ರ. ನೇರವಾಗಿ ಜೋಡಿಸಿದರೆ ಮಂಜುಗಡ್ಡೆಗೂ ಕುದಿಯುವ ನೀರಿಗೂ ಒಂದು ಮೆಟ್ಟಿಲಿನಷ್ಟೂ ವ್ಯತ್ಯಾಸ ಕಾಣದು! ವರ್ಧಕದ ಮೂಲಕ ಸಂಕೇತವನ್ನು ಸಾವಿರ ಪಟ್ಟು ಹಿಗ್ಗಿಸಿದರೆ 4.3 ವೋಲ್ಟ್ ಆಗುತ್ತದೆ. ಆಗ ಸುಮಾರು 880 ಮೆಟ್ಟಿಲುಗಳು ದೊರೆತು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟನ್ನು ಗುರುತಿಸಬಹುದು. ಉಪಕರಣದ ಸಂಕೇತವನ್ನೂ ಪರಿವರ್ತಕದ ಮೆಟ್ಟಿಲನ್ನೂ ಮೊದಲು ಹೋಲಿಸಿ ನೋಡುವುದೇ ಈ ವಿದ್ಯೆಯ ಮೊದಲ ಪಾಠ.

ಎರಡನೆಯದು ಕಾಲದ ವಿಚಾರ. ಎಷ್ಟು ಸಮಯಕ್ಕೊಮ್ಮೆ ಅಳೆಯಬೇಕು? ಸಂಕೇತ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುವುದೋ ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯದಿದ್ದರೆ ಸುಳ್ಳು ಚಿತ್ರ ಮೂಡುತ್ತದೆ. ಚಲನಚಿತ್ರದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದು ಈ ಕಾರಣದಿಂದಲೇ. ಕೊಠಡಿಯ ಉಷ್ಣತೆಗೆ ನಿಮಿಷಕ್ಕೊಂದು ಅಳತೆ ಸಾಕು. ಶ್ರುತಿಕವೆಯ ನಾದಕ್ಕೆ ಸೆಕೆಂಡಿಗೆ ಸಾವಿರಾರು ಅಳತೆಗಳು ಬೇಕು.

ಸಂಪರ್ಕದ ದಾರಿಗಳು

ಕಾಲೇಜು ಮತ್ತು ಸಂಶೋಧನಾಲಯಗಳಲ್ಲಿರುವ 1980-90ರ ದಶಕಗಳ ಉಪಕರಣಗಳು ಅನೇಕ ವೇಳೆ ಅಂಕಿಗಳನ್ನು ತಾವೇ ಕೊಡಬಲ್ಲವು; ಆದರೆ ಅವುಗಳ ಭಾಷೆ ಬೇರೆ. ಹಿಂಬದಿಯಲ್ಲಿ 9 ಅಥವಾ 25 ಕಡ್ಡಿಗಳ ಕಿಂಡಿಯಿದ್ದರೆ ಅದು ಬಹುತೇಕ ಆರ್‌ಎಸ್-232 ಎಂಬ ಸರಣಿ ಸಂಪರ್ಕ. ಹೊಸ ಗಣಕಯಂತ್ರಗಳಲ್ಲಿ ಈ ಕಿಂಡಿ ಕಾಣಸಿಗುವುದು ವಿರಳ. ಅದನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಅಡಾಪ್ಟರ್ ದೊರೆಯುತ್ತದೆ. ಎರಡೂ ಕಡೆ ವೇಗ ಒಂದೇ ಆಗಿರಬೇಕು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅಕ್ಷರವೊಂದಕ್ಕೆ 10 ಬಿಟ್ ಬೇಕಾದರೆ, 960 ಅಕ್ಷರಗಳು ಸಾಗುತ್ತವೆ. ಒಬ್ಬರು ವೇಗವಾಗಿ ಮಾತನಾಡಿ ಮತ್ತೊಬ್ಬರು ನಿಧಾನವಾಗಿ ಕೇಳಿಸಿಕೊಂಡರೆ ಅರ್ಥ ಕೆಡುವಂತೆ, ವೇಗ ಹೊಂದದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

24 ಕಡ್ಡಿಗಳ ಅಗಲವಾದ ಕಿಂಡಿಯಿದ್ದರೆ ಅದು ಜಿಪಿಐಬಿ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ರೂಪಿಸಿದ ಈ ಪದ್ಧತಿ 1975ರಲ್ಲಿ ಸರ್ವಮಾನ್ಯ ಮಾನಕವಾಯಿತು. ಒಂದೇ ಕೇಬಲ್ ಸಾಲಿನಲ್ಲಿ 15 ಸಾಧನಗಳವರೆಗೆ ಜೋಡಿಸಬಹುದು. ಇದಕ್ಕೂ ಯುಎಸ್‌ಬಿ ಅಡಾಪ್ಟರ್ ಇದೆ, ಬೆಲೆ ಮಾತ್ರ ಹೆಚ್ಚು. ಹಳೆಯ ಗಣಕಯಂತ್ರದೊಳಗೆ ಸಿಕ್ಕಿಸಿದ ಕಾರ್ಡಿನಿಂದಲೇ ನಡೆಯುವ ಉಪಕರಣಗಳ ವಿಷಯದಲ್ಲಿ ಆ ಹಳೆಯ ಗಣಕಯಂತ್ರವನ್ನು ದ್ವಿಭಾಷಿಯಂತೆ ನಡುವೆ ಉಳಿಸಿಕೊಂಡು, ಅದರ ಸರಣಿ ಕಿಂಡಿಯಿಂದ ಹೊಸ ಯಂತ್ರಕ್ಕೆ ಅಂಕಿಗಳನ್ನು ಸಾಗಿಸುವುದು ಸುರಕ್ಷಿತ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಆರ್‌ಎಸ್-232 ಸಂಕೇತ ಧನ ಮತ್ತು ಋಣ ಎರಡೂ ದಿಕ್ಕುಗಳಲ್ಲಿ 15 ವೋಲ್ಟಿನವರೆಗೆ ಹೋಗಬಹುದು. 5 ವೋಲ್ಟಿನ ಫಲಕಕ್ಕೆ ಅದನ್ನು ನೇರವಾಗಿ ಜೋಡಿಸಿದರೆ ಫಲಕ ಸುಟ್ಟುಹೋಗುತ್ತದೆ. 230 ವೋಲ್ಟಿನ ಮನೆವಿದ್ಯುತ್ತಿಗೆ ಸಂಬಂಧಿಸಿದ ಯಾವ ತಂತಿಯನ್ನೂ ವಿದ್ಯಾರ್ಥಿಗಳು ಮುಟ್ಟಕೂಡದು.

ಊಟಿಯಲ್ಲಿ ನೀರು ನೂರಕ್ಕೆ ಕುದಿಯದು

ತಂತಿ ಜೋಡಿಸಿದೊಡನೆ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ. ಅಂಕಿ ಮೂಡಿದ ಮಾತ್ರಕ್ಕೆ ಅದು ಅಳತೆಯಾಗದು. ಗೊತ್ತಿರುವ ಪ್ರಮಾಣಗಳೊಡನೆ ಹೋಲಿಸಿ ಅಂಕಿಗಳಿಗೆ ಅರ್ಥ ಕೊಡುವ ಕ್ರಿಯೆಗೆ ಅಂಶಾಂಕನ ಎಂದು ಹೆಸರು. ಉಷ್ಣಮಾಪಕಕ್ಕೆ ಕರಗುವ ಮಂಜುಗಡ್ಡೆ 0 ಡಿಗ್ರಿ, ಕುದಿಯುವ ನೀರು 100 ಡಿಗ್ರಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಅದು ಸಮುದ್ರಮಟ್ಟದ ಮಾತು. ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 92-93 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಸುಮಾರು 1000 ಮೀಟರ್ ಎತ್ತರದ ಗೂಡಲೂರು, ಮಸಿನಗುಡಿಗಳಲ್ಲಿ ಸುಮಾರು 97 ಡಿಗ್ರಿ. ಬೆಟ್ಟದ ಮೇಲೆ ಬೇಳೆ ಬೇಯಲು ತಡವಾಗುವುದೇಕೆಂದು ನಮ್ಮ ಮನೆಗಳ ತಾಯಂದಿರಿಗೆ ಚೆನ್ನಾಗಿ ಗೊತ್ತು. ಈ ಸಂಗತಿಯನ್ನು ಮರೆತು ಊಟಿಯ ಕುದಿಯುವ ನೀರನ್ನು 100 ಎಂದು ಗಣಕಯಂತ್ರಕ್ಕೆ ಕಲಿಸಿದರೆ ಅಲ್ಲಿಂದ ಮುಂದೆ ಅದು ನಂಬಿಕೆಯಿಂದ, ದಶಮಾಂಶ ಸ್ಥಾನಗಳ ಸಮೇತ ತಪ್ಪು ಉತ್ತರವನ್ನೇ ಹೇಳುತ್ತಿರುತ್ತದೆ!

ಇಂತಹ ಸಂದರ್ಭದಲ್ಲಿ ನ್ಯಾಯಾಧೀಶನ ಪೀಠ ಸಲ್ಲುವುದು ಬೀರುವಿನಲ್ಲಿರುವ ಹಳೆಯ ಉಷ್ಣಮಾಪಕಕ್ಕೆ. ಅದನ್ನು ಗಣಕಯಂತ್ರಕ್ಕೆ ಜೋಡಿಸಲು ಆಗದು. ಆದರೆ ಜೋಡಿಸಿದ ಹೊಸ ಸಂವೇದಕ ಸತ್ಯ ಹೇಳುತ್ತಿದೆಯೆ ಎಂದು ಪರೀಕ್ಷಿಸಲು ಅದೇ ಬೇಕು. ಹೊಸದನ್ನು ನಂಬುವ ಮುನ್ನ ಹಳೆಯದನ್ನೂ ಹೊಸದನ್ನೂ ಕೆಲವು ದಿನ ಜೊತೆಜೊತೆಯಾಗಿ ನಡೆಸಿ, ಎರಡರ ಅಂಕಿಗಳನ್ನೂ ಬರೆದಿಟ್ಟು ಹೋಲಿಸಬೇಕು. ದಿನಾಂಕ, ವೇಳೆ, ಉಪಕರಣದ ಗುರುತು, ಅಂಶಾಂಕನ ಮಾಡಿದವರ ಹೆಸರು – ಇವಿಲ್ಲದ ದಾಖಲೆ ವಿಳಾಸವಿಲ್ಲದ ಕಾಗದದಂತೆ.

ನಮ್ಮ ಶಾಲೆಗಳಲ್ಲಿ ಏನು ಸಾಧ್ಯ?

ದೊಡ್ಡ ಪ್ರಯೋಗಾಲಯಗಳ ತತ್ತ್ವವನ್ನು ಶಾಲೆಯ ಮಟ್ಟದಲ್ಲಿಯೂ ಅನುಸರಿಸಬಹುದು. ಕಠಿಣವಲ್ಲದ ಮೂರು ಕಾರ್ಯಗಳನ್ನು ಇಲ್ಲಿ ಸೂಚಿಸಬಹುದಾಗಿದೆ.

ಮೊದಲನೆಯದು, ಸರಳ ಲೋಲಕ. ಗುಂಡಿನ ದಾರಿಗೆ ಅಡ್ಡಲಾಗಿ ಒಂದು ಬದಿಯಲ್ಲಿ ಪುಟ್ಟ ದೀಪ, ಇನ್ನೊಂದು ಬದಿಯಲ್ಲಿ ಬೆಳಕಿನ ಸಂವೇದಕ ಇಟ್ಟರೆ, ಗುಂಡು ಹಾದಾಗಲೆಲ್ಲ ಬೆಳಕು ಕಡಿಯುತ್ತದೆ. ಕೈಗಡಿಯಾರ ಒತ್ತುವ ಬೆರಳಿನ ವಿಳಂಬ ಇಲ್ಲಿಲ್ಲ. ಹಿತ್ತಾಳೆಯ ಗುಂಡು ಅದೇ, ದಾರ ಅದೇ. ಕಾಲದ ಅಳತೆ ಮಾತ್ರ ಸೂಕ್ಷ್ಮವಾಯಿತು.

ಎರಡನೆಯದು, ವಿದ್ಯುತ್ ಪ್ರವಾಹದ ಪ್ರಯೋಗಗಳು. ರೋಧ ಪೆಟ್ಟಿಗೆಯ ಮಂಡಲದಲ್ಲಿ ಗೊತ್ತಿರುವ 1 ಓಮ್ ರೋಧವನ್ನು ಸೇರಿಸಿ ಅದರ ಎರಡು ತುದಿಗಳ ವಿಭವವನ್ನು ಅಳೆದರೆ, ಅರ್ಧ ಆಂಪಿಯರ್ ಪ್ರವಾಹಕ್ಕೆ ಅರ್ಧ ವೋಲ್ಟ್ ದೊರೆಯುತ್ತದೆ. ಹಳೆಯ ಅಮ್ಮೀಟರಿನ ಮುಳ್ಳು ಮತ್ತು ಪರದೆಯ ಅಂಕಿ ಎರಡನ್ನೂ ಮಕ್ಕಳು ಏಕಕಾಲಕ್ಕೆ ನೋಡಿ ಹೋಲಿಸಬಹುದು.

ಮೂರನೆಯದು, ಮಳೆಮಾಪಕ. ಪುಟ್ಟ ತೊಟ್ಟಿಯೊಂದು ತುಂಬಿದೊಡನೆ ಮಗುಚುವ ಮಾದರಿಯಲ್ಲಿ ಪ್ರತಿ ಮಗುಚುವಿಕೆಗೂ ಒಂದು ಸ್ವಿಚ್ಚು ಮುಚ್ಚಿ ತೆರೆಯುತ್ತದೆ. ಗಣಕಯಂತ್ರ ಅದನ್ನು ಎಣಿಸಿದರೆ ಸಾಕು, ಪರಿವರ್ತಕವೂ ಬೇಡ. ಶಾಲೆಯಂಗಳದ ಹಳೆಯ ಅಳತೆಗಾಜಿನ ಮಳೆಮಾಪಕದೊಡನೆ ಪ್ರತಿದಿನ ಬೆಳಿಗ್ಗೆ ಅದನ್ನು ತಾಳೆನೋಡಬೇಕು. ನೈಋತ್ಯ ಮುಂಗಾರಿನಲ್ಲಿ ತೊಯ್ದು ತೊಪ್ಪೆಯಾಗುವ ಗೂಡಲೂರು, ಬೆಟ್ಟದ ಮಳೆನೆರಳಿನಲ್ಲಿರುವ ಮಸಿನಗುಡಿ, ಎರಡು ಮಾರುತಗಳಿಂದಲೂ ಮಳೆ ಪಡೆಯುವ ಉದಕಮಂಡಲ – ಒಂದೇ ಜಿಲ್ಲೆಯ ಈ ಮೂರು ಊರುಗಳ ಶಾಲೆಗಳು ಒಂದೇ ರೀತಿಯಲ್ಲಿ ದಾಖಲೆ ಇಟ್ಟು ಹಂಚಿಕೊಂಡರೆ ಅದು ನಾಡಿಗೇ ಉಪಯುಕ್ತವಾದ ಸಂಗ್ರಹವಾಗುತ್ತದೆ.

ಶಾಲಾ ಕಾಲೇಜುಗಳ ಇಂತಹ ಪ್ರಯೋಗಗಳಿಗಾಗಿಯೇ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ‘ಎಕ್ಸ್‌ಪೈಸ್’ ಎಂಬ ಸಾಧನವನ್ನು ರೂಪಿಸಿದೆ. ಅದರ ತಂತ್ರಾಂಶ ಉಚಿತ. ಆದರೆ ಸಾಧನಕ್ಕಿಂತ ಮುಖ್ಯವಾದುದು ಕ್ರಮ. ಬೀರುವಿನ ಪ್ರತಿಯೊಂದು ಉಪಕರಣಕ್ಕೂ ಒಂದು ಪುಟ ಮೀಸಲಿಟ್ಟು, ಅದು ಏನನ್ನು ಗ್ರಹಿಸುತ್ತದೆ, ಗ್ರಹಿಸುವ ಅಂಗ ಸುಸ್ಥಿತಿಯಲ್ಲಿದೆಯೆ, ವಿದ್ಯುತ್ ಸಂಕೇತ ಕೊಡುತ್ತದೆಯೆ, ಇಲ್ಲವಾದರೆ ತಾಳೆನೋಡಲು ಒದಗುತ್ತದೆಯೆ ಎಂದು ಬರೆಯಬೇಕು. ಈ ನಾಲ್ಕು ಪ್ರಶ್ನೆಗಳಿಗೂ ‘ಇಲ್ಲ’ ಎಂಬ ಉತ್ತರ ಬಂದುದನ್ನು ಮಾತ್ರ ಗುಜರಿಗೆ ಕೊಡಬಹುದು.

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಶಾಲೆಗೆ ಕಾಣಿಕೆ ನೀಡಬಯಸುವ ಹಳೆಯ ವಿದ್ಯಾರ್ಥಿಗಳು ಅನೇಕರು. ಅವರಲ್ಲಿ ವಿದ್ಯುನ್ಮಾನ, ತಂತ್ರಾಂಶ ಕ್ಷೇತ್ರಗಳಲ್ಲಿ ದುಡಿಯುವವರಿದ್ದಾರೆ. ಉಪಕರಣಗಳನ್ನು ರಿಪೇರಿ ಮಾಡಬಲ್ಲ ನುರಿತ ಕೈಗಳೂ ಇವೆ. ಹೊಸ ಗಣಕಯಂತ್ರವೊಂದನ್ನು ಕೊಡುವವರು ಅದರೊಡನೆ ಒಂದು ಭಾನುವಾರವನ್ನೂ ಕೊಟ್ಟು, ಮಕ್ಕಳ ಜೊತೆ ಕುಳಿತು, ಒಂದು ಹಳೆಯ ಉಪಕರಣವನ್ನು ಅದಕ್ಕೆ ಜೋಡಿಸಿಕೊಡಲಿ. ಕೋಲಾರದ ಆಳದಲ್ಲಿ ಪ್ರೋಟಾನಿಗಾಗಿ ಕಾದಿದ್ದ ಕೊಳವೆಗಳೇ ಊಟಿಯ ಮೋಡಗಳ ವಿದ್ಯುತ್ತನ್ನು ಅಳೆದುಕೊಟ್ಟವು. ನಮ್ಮ ಮಕ್ಕಳ ಕೈಯಲ್ಲಿ ಈ ಬೀರುವಿನ ಉಪಕರಣಗಳು ಇನ್ನು ಏನನ್ನು ಅಳೆಯಲಿವೆಯೋ ಅದನ್ನು ಶಾಲೆಯ ಮುಂದಿನ ಐವತ್ತು ವರ್ಷಗಳು ಹೇಳಲಿ.